ಹೃದಯಕ್ಕೆ ನಾಲ್ಕು ಗಂಟೆಯ ಗಡುವು ಏಕೆ? ಸಮತೋಲನದಿಂದ ದೂರ ನಿಲ್ಲುವ ಜೀವದ ಭೌತವಿಜ್ಞಾನ

ಬೆಂಗಳೂರಿನಲ್ಲಿ ಆಗಾಗ ‘ಗ್ರೀನ್ ಕಾರಿಡಾರ್’ ಸುದ್ದಿಯಾಗುತ್ತದೆ. ಮಿದುಳು ನಿಷ್ಕ್ರಿಯಗೊಂಡ ವ್ಯಕ್ತಿಯೊಬ್ಬರ ಕುಟುಂಬದವರು ಅಂಗದಾನಕ್ಕೆ ಒಪ್ಪಿರುತ್ತಾರೆ. ಪೊಲೀಸರು ದಾರಿಯುದ್ದಕ್ಕೂ ಸಿಗ್ನಲ್‌ಗಳನ್ನು ತೆರವುಗೊಳಿಸಿರುತ್ತಾರೆ. ಐಸ್ ತುಂಬಿದ ಪೆಟ್ಟಿಗೆಯಲ್ಲಿ ಹೃದಯವನ್ನಿಟ್ಟುಕೊಂಡು ಆಂಬುಲೆನ್ಸ್ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೋ ವಿಮಾನ ನಿಲ್ದಾಣಕ್ಕೋ ಧಾವಿಸುತ್ತದೆ. ಇಷ್ಟು ಅವಸರಕ್ಕೆ ಕಾರಣವಿದೆ. ಐಸ್‌ನಲ್ಲಿಟ್ಟ ಹೃದಯವನ್ನು ಸಾಮಾನ್ಯವಾಗಿ ನಾಲ್ಕು ಗಂಟೆಯೊಳಗೆ, ಹೆಚ್ಚೆಂದರೆ ಆರು ಗಂಟೆಯೊಳಗೆ, ಇನ್ನೊಬ್ಬರ ಎದೆಯಲ್ಲಿ ಮತ್ತೆ ಬಡಿಯುವಂತೆ ಮಾಡಬೇಕು. ಮೂತ್ರಪಿಂಡವಾದರೆ ಒಂದು ದಿನ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಕಾಯಬಲ್ಲದು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಆ ನಾಲ್ಕು ಗಂಟೆಗಳಲ್ಲಿ ಹೃದಯಕ್ಕೆ ಯಾವ ಪೆಟ್ಟೂ ಬಿದ್ದಿರುವುದಿಲ್ಲ, ಕೀಟಾಣುಗಳು ಅದನ್ನು ಕೊಳೆಸಿರುವುದಿಲ್ಲ, ಅದರ ಅಣುಗಳೆಲ್ಲ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತವೆ. ಹಾಗಿದ್ದರೆ ಕಳೆದುಹೋಗುತ್ತಿರುವುದು ಏನು? ಉತ್ತರಕ್ಕಾಗಿ ನಾವು ‘ಅಸಮತೋಲನ ಉಷ್ಣಗತಿವಿಜ್ಞಾನ’ ಎಂಬ ಶಾಸ್ತ್ರದತ್ತ ತಿರುಗಬೇಕು. ಹೆಸರು ಭಾರವಾಗಿದ್ದರೂ ಅದರ ಮೂಲ ವಿಚಾರವನ್ನು ಕೆರೆಯ ದಂಡೆಯ ಮೇಲೆ ನಿಂತು ಅರ್ಥಮಾಡಿಕೊಳ್ಳಬಹುದು.

ಎರಡು ಬಗೆಯ ನಿಶ್ಚಲತೆ

ಲೋಟದಲ್ಲಿ ಬಿಸಿ ಕಾಫಿ ಇಟ್ಟು ಮರೆತರೆ ಅದು ಆರುತ್ತಾ ಹೋಗಿ, ಕೊನೆಗೆ ಕೋಣೆಯ ಉಷ್ಣತೆಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಅದರಲ್ಲಿ ಯಾವ ಬದಲಾವಣೆಯೂ ಇಲ್ಲ. ಶಾಖ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯಲು ಕಾರಣವೇ ಉಳಿಯದ ಈ ಸ್ಥಿತಿಯನ್ನು ಭೌತವಿಜ್ಞಾನಿಗಳು ‘ಸಮತೋಲನ’ ಎನ್ನುತ್ತಾರೆ.

ಈಗ ಮಳೆಗಾಲದಲ್ಲಿ ಕೋಡಿ ಹರಿಯುತ್ತಿರುವ ಕೆರೆಯನ್ನು ನೋಡೋಣ. ಅದರ ನೀರಿನ ಮಟ್ಟವೂ ಬದಲಾಗುತ್ತಿಲ್ಲ. ಆದರೆ ಹಳ್ಳದಿಂದ ಎಷ್ಟು ನೀರು ಒಳಬರುತ್ತಿದೆಯೋ ಅಷ್ಟೇ ನೀರು ಕೋಡಿಯ ಮೇಲಿಂದ ಹೊರಹೋಗುತ್ತಿರುವುದರಿಂದ ಮಾತ್ರ ಆ ಮಟ್ಟ ಹಾಗೆ ನಿಂತಿದೆ. ನಿನ್ನೆ ಕಂಡ ನೀರು ಇಂದು ಅಲ್ಲಿಲ್ಲ. ಹೊರನೋಟಕ್ಕೆ ನಿಂತಂತೆ ಕಂಡರೂ ಒಳಗೆ ಹರಿವು ನಡೆದೇ ಇರುವ ಇಂಥ ಸ್ಥಿತಿಗೆ ‘ಸ್ಥಾಯಿ ಸ್ಥಿತಿ’ ಎಂದು ಹೆಸರು.

ಈ ಎರಡರ ನಡುವಿನ ವ್ಯತ್ಯಾಸವನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಮುಂದಿನದೆಲ್ಲ ಸುಲಭವಾಗುತ್ತದೆ. ‘ದೇಹದ ಸಮತೋಲನ ಕಾಪಾಡಿಕೊಳ್ಳಿ’ ಎಂದು ನಾವು ಮಾತಿಗೆ ಹೇಳುವಾಗ ನಮ್ಮ ಮನಸ್ಸಿನಲ್ಲಿರುವುದು ಸ್ಥಾಯಿ ಸ್ಥಿತಿ. ರಕ್ತದ ಸಕ್ಕರೆ, ಸೋಡಿಯಂ, ಪೊಟ್ಯಾಸಿಯಂ, ದೇಹದ ಉಷ್ಣತೆ ಎಲ್ಲವೂ ಒಂದು ಮಿತಿಯೊಳಗೆ ನಿಂತಿರುವುದು ಕೋಡಿ ಹರಿಯುವ ಕೆರೆಯ ರೀತಿಯಲ್ಲಿ. ಭೌತವಿಜ್ಞಾನದ ಅರ್ಥದಲ್ಲಿ ದೇಹ ಸಮತೋಲನಕ್ಕೆ ಬಂದರೆ ಆ ಸ್ಥಿತಿಗೆ ನಾವು ಸಾವು ಎನ್ನುತ್ತೇವೆ.

ಎಂಟ್ರೊಪಿ ಹೆಚ್ಚುವ ಜಗತ್ತಿನಲ್ಲಿ ಜೀವ ಹೇಗೆ?

ಆರಿದ ಕಾಫಿ ತಾನಾಗಿ ಮತ್ತೆ ಬಿಸಿಯಾಗುವುದಿಲ್ಲ. ನೀರಿಗೆ ಬಿದ್ದ ಶಾಯಿಯ ಹನಿ ಹರಡಿದ ಮೇಲೆ ಮತ್ತೆ ಹನಿಯಾಗಿ ಕೂಡಿಕೊಳ್ಳುವುದಿಲ್ಲ. ಪ್ರಕೃತಿಯ ಈ ಒಮ್ಮುಖ ನಡೆಯನ್ನು ಅಳೆಯಲು ಜರ್ಮನಿಯ ರುಡಾಲ್ಫ್ ಕ್ಲಾಸಿಯಸ್ 1865ರಲ್ಲಿ ‘ಎಂಟ್ರೊಪಿ’ ಎಂಬ ಪದವನ್ನು ಬಳಕೆಗೆ ತಂದರು. ಹೊರಗಿನ ಸಂಪರ್ಕವಿಲ್ಲದ ಯಾವ ವ್ಯವಸ್ಥೆಯಲ್ಲೂ ಒಟ್ಟು ಎಂಟ್ರೊಪಿ ಕಡಿಮೆಯಾಗದು ಎಂಬುದೇ ಉಷ್ಣಗತಿವಿಜ್ಞಾನದ ಎರಡನೆಯ ನಿಯಮ. ಅಣುಗಳು ಒಂದೇ ಮೂಲೆಯಲ್ಲಿ ಕೂಡಿರಲು ಇರುವ ವಿಧಾನಗಳು ಕೆಲವು, ಎಲ್ಲೆಡೆ ಹರಡಿರಲು ಇರುವ ವಿಧಾನಗಳು ಅಸಂಖ್ಯ. ಆದ್ದರಿಂದ ಅವು ಹರಡುತ್ತವೆ ಎಂದು ಇದಕ್ಕೆ ಎಣಿಕೆಯ ಅರ್ಥ ಕೊಟ್ಟವರು ಆಸ್ಟ್ರಿಯಾದ ಲುಡ್ವಿಗ್ ಬೋಲ್ಟ್ಸ್‌ಮನ್.

ಹಾಗಾದರೆ ಬೀಜವೊಂದು ಮರವಾಗುವುದು ಹೇಗೆ? ಚದುರಿದ್ದ ಇಂಗಾಲದ ಡೈಆಕ್ಸೈಡ್, ನೀರು, ಲವಣಗಳು ಎಲೆಯಾಗಿ, ಹೂವಾಗಿ, ಕಾಯಾಗಿ ಕೂಡಿಕೊಳ್ಳುವುದು ನಿಯಮಕ್ಕೆ ವಿರುದ್ಧವಲ್ಲವೇ? ಭೌತವಿಜ್ಞಾನಿ ಎರ್ವಿನ್ ಶ್ರೋಡಿಂಗರ್ 1943ರಲ್ಲಿ ಡಬ್ಲಿನ್ ನಗರದಲ್ಲಿ ನೀಡಿದ ಉಪನ್ಯಾಸಗಳಲ್ಲಿ ಎತ್ತಿಕೊಂಡ ಪ್ರಶ್ನೆಗಳಲ್ಲಿ ಇದೂ ಒಂದು. ಅದಕ್ಕೆ ಉತ್ತರ ‘ಹೊರಗಿನ ಸಂಪರ್ಕವಿಲ್ಲದ’ ಎಂಬ ಷರತ್ತಿನಲ್ಲೇ ಇದೆ. ಜೀವಿ ಮುಚ್ಚಿದ ಪೆಟ್ಟಿಗೆಯಲ್ಲ. ಅದು ಆಹಾರವನ್ನು ಒಳಗೆ ತೆಗೆದುಕೊಂಡು ಶಾಖವನ್ನೂ ತ್ಯಾಜ್ಯವನ್ನೂ ಹೊರಕ್ಕೆ ಹಾಕುತ್ತದೆ. ತನ್ನೊಳಗೆ ಎಷ್ಟು ಕ್ರಮ ಮೂಡಿತೋ ಅದಕ್ಕಿಂತ ಹೆಚ್ಚಿನ ಅವ್ಯವಸ್ಥೆಯನ್ನು ಸುತ್ತಲಿನ ಪರಿಸರಕ್ಕೆ ದಾಟಿಸುವುದರಿಂದ ಎರಡೂ ಕೂಡಿದ ಲೆಕ್ಕದಲ್ಲಿ ಎಂಟ್ರೊಪಿ ಏರಿಯೇ ಇರುತ್ತದೆ. ಮದುವೆಮನೆಯ ತುಂಬಿದ ಛತ್ರದಲ್ಲಿ ಸೆಕೆಯಾಗುವುದು ಈ ಕಾರಣಕ್ಕೇ: ವಿಶ್ರಾಂತಿಯಲ್ಲಿರುವ ವಯಸ್ಕರೊಬ್ಬರು ಸುಮಾರು 100 ವ್ಯಾಟ್‌ನಷ್ಟು, ಅಂದರೆ ಹಳೆಯ ಕಾಲದ ಒಂದು ದೊಡ್ಡ ಬಲ್ಬಿನಷ್ಟು, ಶಾಖವನ್ನು ಸತತವಾಗಿ ಹೊರಸೂಸುತ್ತಾರೆ. ಕಿಲೋಗ್ರಾಂ ಲೆಕ್ಕದಲ್ಲಿ ಹೋಲಿಸಿದರೆ ಇದು ಸೂರ್ಯ ಹೊರಸೂಸುವುದಕ್ಕಿಂತ ಹಲವು ಸಾವಿರ ಪಟ್ಟು ಹೆಚ್ಚು. ಸೂರ್ಯನ ಅಗಾಧ ಪ್ರಕಾಶ ಅದರ ಗಾತ್ರದಿಂದ ಬಂದದ್ದು. ಪ್ರತಿ ಕಿಲೋಗ್ರಾಂ ಲೆಕ್ಕದಲ್ಲಿ ಅದು ಬಹಳ ನಿಧಾನವಾಗಿ ಉರಿಯುತ್ತದೆ.

ಇಡೀ ಭೂಮಿಯ ಲೆಕ್ಕವೂ ಹೀಗೆಯೇ. ಭೂಮಿ ಸೂರ್ಯನಿಂದ ಪಡೆದಷ್ಟೇ ಶಕ್ತಿಯನ್ನು ಹೆಚ್ಚುಕಡಿಮೆ ಬಾಹ್ಯಾಕಾಶಕ್ಕೆ ಮರಳಿಸುತ್ತದೆ. ಆದರೆ ಬರುವಾಗ ಒಂದು ಬೆಳಕಿನ ಕಣದಲ್ಲಿದ್ದ ಶಕ್ತಿ ಹೋಗುವಾಗ ಸುಮಾರು ಇಪ್ಪತ್ತು ಅವಕೆಂಪು ಕಣಗಳಲ್ಲಿ ಚಿಲ್ಲರೆಯಾಗಿ ಹಂಚಿಹೋಗಿರುತ್ತದೆ. ಇಡಿ ನೋಟು ಚಿಲ್ಲರೆಯಾಗುವ ಈ ದಾರಿಯ ನಡುವೆಯೇ ಹುಲ್ಲು, ಹಸು, ನಾವು ಎಲ್ಲರೂ ಬದುಕಿದ್ದೇವೆ.

ಎಟಿಪಿಯ ಬಲ ಎಲ್ಲಿದೆ?

ಜೀವಕೋಶದ ಬಹುತೇಕ ಎಲ್ಲ ಕೆಲಸಕ್ಕೂ ಬಳಕೆಯಾಗುವ ಅಣು ಎಟಿಪಿ, ಅಂದರೆ ಅಡಿನೋಸಿನ್ ಟ್ರೈಫಾಸ್ಫೇಟ್. 1929ರಲ್ಲಿ ಇದನ್ನು ಜರ್ಮನಿಯಲ್ಲಿ ಕಾರ್ಲ್ ಲೋಮನ್ ಪತ್ತೆಹಚ್ಚಿದರು. ಅದೇ ಹೊತ್ತಿಗೆ ಸ್ವತಂತ್ರವಾಗಿ ಅಮೆರಿಕದ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಅವರೊಡನೆ ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಕೂಡ ಕಂಡುಕೊಂಡರು. ಎಟಿಪಿ ಒಡೆದು ಎಡಿಪಿ (ಒಂದು ಫಾಸ್ಫೇಟ್ ಕಳೆದುಕೊಂಡ ಅಡಿನೋಸಿನ್ ಡೈಫಾಸ್ಫೇಟ್) ಮತ್ತು ಫಾಸ್ಫೇಟ್ ಆಗುವಾಗ ಕೋಶದ ಕೆಲಸ ಸಾಗುತ್ತದೆ.

‘ಎಟಿಪಿಯ ಬಂಧದೊಳಗೆ ಶಕ್ತಿ ತುಂಬಿದೆ’ ಎಂದು ಶಾಲೆಯಲ್ಲಿ ಓದಿದ ನೆನಪು ಹಲವರಿಗಿರಬಹುದು. ಈ ಮಾತು ಅರ್ಧ ಸರಿ, ಅರ್ಧ ದಾರಿ ತಪ್ಪಿಸುವಂಥದ್ದು. ಮನೆಯ ಮೇಲಿನ ಓವರ್‌ಹೆಡ್ ಟ್ಯಾಂಕಿನ ನೀರಿಗೂ ಕೆಳಗಿನ ಸಂಪಿನ ನೀರಿಗೂ ಗುಣದಲ್ಲಿ ಏನೂ ವ್ಯತ್ಯಾಸವಿಲ್ಲ. ನಲ್ಲಿಯಲ್ಲಿ ನೀರು ರಭಸದಿಂದ ಬರುವುದು ಅವೆರಡರ ಎತ್ತರದ ಅಂತರದಿಂದ. ಎಟಿಪಿಯ ವಿಷಯದಲ್ಲೂ ಬಲ ಇರುವುದು ಇಂಥ ಅಂತರದಲ್ಲಿ. ಎಟಿಪಿ, ಎಡಿಪಿ, ಫಾಸ್ಫೇಟ್ ಮೂರನ್ನೂ ಸೂಕ್ತ ಕಿಣ್ವದೊಡನೆ ನೀರಿನಲ್ಲಿ ಬೆರೆಸಿ ಸುಮ್ಮನೆ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಎಟಿಪಿ ಬಹುತೇಕ ಎಲ್ಲವೂ ಒಡೆದು ಸಮತೋಲನಕ್ಕೆ ಬರುತ್ತದೆ. ಆಗ ಉಳಿದಿರುವ ಅಲ್ಪಸ್ವಲ್ಪ ಎಟಿಪಿಗೆ ಅದೇ ಬಂಧಗಳಿದ್ದರೂ ಅದು ಯಾವ ಕೆಲಸವನ್ನೂ ಮಾಡಿಸಲಾರದು. ಬದುಕಿರುವ ಕೋಶ ಈ ಪ್ರಮಾಣವನ್ನು ಸಮತೋಲನದಿಂದ ಸುಮಾರು 1000 ಕೋಟಿ ಪಟ್ಟು ದೂರದಲ್ಲಿ, ಎಟಿಪಿಯ ಕಡೆಗೆ ಎಳೆದು ಹಿಡಿದಿರುತ್ತದೆ.

ಒಂದು ಪ್ರಕ್ರಿಯೆಯಿಂದ ಗರಿಷ್ಠ ಎಷ್ಟು ಕೆಲಸ ಪಡೆಯಬಹುದು ಎಂಬ ಅಳತೆಗೆ ‘ಮುಕ್ತ ಶಕ್ತಿ’ ಎನ್ನುತ್ತಾರೆ. ರಸಾಯನಶಾಸ್ತ್ರದ ಪ್ರಮಾಣಿತ ಸ್ಥಿತಿಯಲ್ಲಿ ಎಟಿಪಿಯ ವಿಭಜನೆಯಿಂದ ಪ್ರತಿ ಮೋಲ್‌ಗೆ 30.5 ಕಿಲೋಜೌಲ್ ಸಿಕ್ಕರೆ, ಕೋಶದ ಒಳಗೆ 50ರಿಂದ 57 ಕಿಲೋಜೌಲ್‌ವರೆಗೆ ಸಿಗುತ್ತದೆ. ಅಣು ಅದೇ, ಬಂಧವೂ ಅದೇ. ಹೆಚ್ಚಿನದೆಲ್ಲ ಆ ದೂರದ ಫಲ.

ಅಚ್ಚರಿಯ ಸಂಗತಿಯೆಂದರೆ ಈ ಅಣುವಿನ ದಾಸ್ತಾನು ನಮ್ಮಲ್ಲಿ ಬಹಳ ಕಡಿಮೆ. ಯಾವುದೇ ಕ್ಷಣದಲ್ಲಿ ಇಡೀ ದೇಹದಲ್ಲಿರುವ ಎಟಿಪಿ ಕಾಲು ಕಿಲೋಗ್ರಾಂ ಮೀರದು. ಆದರೆ ಒಂದು ದಿನದಲ್ಲಿ ಒಡೆದು ಮತ್ತೆ ಕೂಡಿಕೊಳ್ಳುವ ಎಟಿಪಿಯ ಮೊತ್ತ ಹೆಚ್ಚುಕಡಿಮೆ ನಮ್ಮ ದೇಹದ ತೂಕದಷ್ಟಾಗುತ್ತದೆ. ಸುಮಾರು 300 ಗ್ರಾಂ ತೂಗುವ ಹೃದಯವೊಂದೇ ದಿನಕ್ಕೆ ಸುಮಾರು 6 ಕಿಲೋಗ್ರಾಂ ಎಟಿಪಿಯನ್ನು ಹೀಗೆ ತಿರುಗಿಸುತ್ತದೆ. ಮರುಪೂರಣ ನಿಂತರೆ ಬಡಿಯುತ್ತಿರುವ ಹೃದಯದ ದಾಸ್ತಾನು ಕೆಲವೇ ಸೆಕೆಂಡುಗಳಿಗೆ ಸಾಕಾಗುವಷ್ಟು.

ಸತ್ತ ಕೆಲವು ಗಂಟೆಗಳಲ್ಲಿ ದೇಹ ಸೆಟೆದುಕೊಳ್ಳುವುದನ್ನು ಹಳ್ಳಿಯಲ್ಲಿ ಬೆಳೆದವರೆಲ್ಲ ಬಲ್ಲರು. ಶಕ್ತಿ ಮುಗಿದರೆ ಸ್ನಾಯು ಸಡಿಲವಾಗಬೇಕು ಎಂದು ನಮಗೆ ಅನ್ನಿಸುತ್ತದೆ. ಆಗುವುದು ಅದರ ವಿರುದ್ಧ. ಸ್ನಾಯುವಿನ ಮಯೋಸಿನ್ ಎಂಬ ಪ್ರೋಟೀನ್ ಆಕ್ಟಿನ್ ಎಂಬ ಎಳೆಯನ್ನು ಹಿಡಿದು ಎಳೆದಾಗ ಸಂಕೋಚನವಾಗುತ್ತದೆ, ಆ ಹಿಡಿತವನ್ನು ಬಿಡಿಸಿಕೊಳ್ಳಲು ಹೊಸ ಎಟಿಪಿ ಬಂದು ಕೂರಬೇಕು. ಎಟಿಪಿ ಬರದಿದ್ದಾಗ ಹಿಡಿದ ಕೈಗಳು ಹಿಡಿದಂತೆಯೇ ಉಳಿಯುತ್ತವೆ.

ಒಳಗಿನ ಅಣೆಕಟ್ಟು

ಎಟಿಪಿಯನ್ನು ಮತ್ತೆ ಮತ್ತೆ ಮೇಲೆತ್ತುವುದು ಯಾವುದು? 1961ರಲ್ಲಿ ಬ್ರಿಟನ್ನಿನ ಪೀಟರ್ ಮಿಚೆಲ್ ಕೊಟ್ಟ ಉತ್ತರವನ್ನು ಆಗ ಹಲವರು ಒಪ್ಪಲಿಲ್ಲ. 1978ರಲ್ಲಿ ಅದಕ್ಕೇ ನೊಬೆಲ್ ಬಂತು. ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು ಮತ್ತು ಅದರ ನೀರಿನಿಂದ ತಿರುಗುವ ಟರ್ಬೈನುಗಳನ್ನು ಬಲ್ಲ ನಮಗೆ ಇದು ಕಷ್ಟದ ಕಲ್ಪನೆಯಲ್ಲ. ಕೋಶದೊಳಗಿನ ಮೈಟೊಕಾಂಡ್ರಿಯದಲ್ಲಿ ಒಂದು ತೆಳುವಾದ ಪೊರೆ ಇದೆ. ಊಟದಿಂದ ಬಂದ ಎಲೆಕ್ಟ್ರಾನುಗಳು ಹಂತಹಂತವಾಗಿ ಇಳಿದು ಆಮ್ಲಜನಕವನ್ನು ಸೇರುವಾಗ ಬಿಡುಗಡೆಯಾಗುವ ಶಕ್ತಿಯಿಂದ ಪ್ರೋಟಾನುಗಳು ಪೊರೆಯ ಒಂದು ಬದಿಗೆ ಪಂಪ್ ಆಗುತ್ತವೆ. ಅಲ್ಲಿ ಒತ್ತಡದಲ್ಲಿ ನಿಂತ ಪ್ರೋಟಾನುಗಳು ಮರಳಿ ಬರಲು ಇರುವ ಮುಖ್ಯ ದಾರಿ ಎಟಿಪಿ ಸಿಂಥೇಸ್ ಎಂಬ ಅಣುಗಾತ್ರದ ಟರ್ಬೈನು. ಅದು ನಿಜಕ್ಕೂ ತಿರುಗುತ್ತದೆ: ಪ್ರತಿ ಸುತ್ತಿಗೆ ಮೂರು ಎಟಿಪಿಗಳು ತಯಾರಾಗುತ್ತವೆ. 1997ರಲ್ಲಿ ಜಪಾನಿನ ವಿಜ್ಞಾನಿಗಳು ಸೂಕ್ಷ್ಮದರ್ಶಕದಡಿ ಈ ತಿರುಗುವಿಕೆಯನ್ನು ನೇರವಾಗಿ ತೋರಿಸಿದರು. ಅದೇ ವರ್ಷ ಇದರ ಕಾರ್ಯವಿಧಾನವನ್ನು ಬಿಡಿಸಿಟ್ಟ ಪಾಲ್ ಬೋಯರ್ ಮತ್ತು ಜಾನ್ ವಾಕರ್ ಅವರಿಗೆ ನೊಬೆಲ್ ಸಂದಿತು.

ಆ ಪೊರೆಯ ಎರಡು ಬದಿಗಳ ನಡುವಿನ ವಿದ್ಯುತ್ ಅಂತರ 150ರಿಂದ 180 ಮಿಲಿವೋಲ್ಟ್ ಮಾತ್ರ. ಆದರೆ ಪೊರೆ ಎಷ್ಟು ತೆಳುವೆಂದರೆ ಮೀಟರಿನ ಲೆಕ್ಕಕ್ಕೆ ತಂದರೆ ಅದು ಸುಮಾರು 3 ಕೋಟಿ ವೋಲ್ಟ್ ಆಗುತ್ತದೆ. ಒಣ ಗಾಳಿಯನ್ನು ಸೀಳಿ ಕಿಡಿ ಹಾರಲು ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ಸಾಕು.

ಈ ಟರ್ಬೈನಿಗೆ ಇನ್ನೊಂದು ಗುಣವಿದೆ. ಅದು ಹಿಂದಕ್ಕೂ ತಿರುಗಬಲ್ಲದು. ಆಮ್ಲಜನಕ ನಿಂತು ಅಣೆಕಟ್ಟೆಯ ಮಟ್ಟ ಇಳಿದಾಗ ಅದೇ ಯಂತ್ರ ಇರುವ ಎಟಿಪಿಯನ್ನು ಒಡೆದು ಪ್ರೋಟಾನುಗಳನ್ನು ಮೇಲಕ್ಕೆ ಪಂಪ್ ಮಾಡತೊಡಗುತ್ತದೆ. ರಕ್ತಸಂಚಾರ ನಿಂತ ಹೃದಯದಲ್ಲಿ ಎಟಿಪಿ ಬೇಗ ಬರಿದಾಗಲು ಇದೂ ಒಂದು ಕಾರಣ. ಇದನ್ನು ತಡೆಯಲು ಕೋಶದಲ್ಲಿ ಒಂದು ಪುಟ್ಟ ಪ್ರೋಟೀನ್ ಬಿರಡೆಯಂತೆ ಬಂದು ಸಿಕ್ಕಿಕೊಳ್ಳುತ್ತದೆ, ಆದರೆ ಅದರ ರಕ್ಷಣೆ ಪೂರ್ಣವಲ್ಲ.

ನಿಖರತೆಗೂ ಬೆಲೆಯಿದೆ

ಸಮತೋಲನದಿಂದ ದೂರವಿರುವುದರ ಖರ್ಚು ಚಲನೆಗೆ ಮಾತ್ರ ಹೋಗುವುದಿಲ್ಲ. ತಪ್ಪು ತಿದ್ದುವುದಕ್ಕೂ ಹೋಗುತ್ತದೆ. ಕೋಶ ಪ್ರೋಟೀನುಗಳನ್ನು ಕಟ್ಟುವುದು ಅಮೈನೊ ಆಮ್ಲಗಳೆಂಬ ಸಣ್ಣ ಅಣುಗಳನ್ನು ಜೋಡಿಸಿ. ಅವುಗಳಲ್ಲಿ ಐಸೊಲ್ಯೂಸಿನ್ ಮತ್ತು ವ್ಯಾಲಿನ್ ಎಂಬ ಎರಡರ ನಡುವೆ ಇರುವ ವ್ಯತ್ಯಾಸ ಒಂದು ಇಂಗಾಲ ಮತ್ತು ಎರಡು ಜಲಜನಕ ಪರಮಾಣುಗಳದ್ದು ಮಾತ್ರ. ಅಂಟಿಕೊಳ್ಳುವ ಬಲದ ವ್ಯತ್ಯಾಸವನ್ನಷ್ಟೇ ನಂಬಿದರೆ ಇಪ್ಪತ್ತರಲ್ಲಿ ಒಂದು ಸಲ ಅದಲುಬದಲಾಗಬಹುದು ಎಂದು ಲೈನಸ್ ಪೌಲಿಂಗ್ ಅಂದಾಜಿಸಿದ್ದರು. ಕೋಶದಲ್ಲಿ ಕಂಡುಬಂದ ತಪ್ಪು ಸುಮಾರು 3000ಕ್ಕೆ ಒಂದು.

1974ರಲ್ಲಿ ಜಾನ್ ಹಾಪ್‌ಫೀಲ್ಡ್, ಮರುವರ್ಷ ಜಾಕ್ ನಿನಿಯೊ, ಇದಕ್ಕೆ ವಿವರಣೆ ಕೊಟ್ಟರು. ಅಕ್ಕಿಯನ್ನು ಒಮ್ಮೆ ಕೇರಿದಾಗ ಉಳಿದ ಹೊಟ್ಟು ಇನ್ನೊಮ್ಮೆ ಕೇರಿದಾಗ ಹೋಗುತ್ತದೆ. ಕೋಶವೂ ಆಯ್ಕೆಯನ್ನು ಎರಡು ಹಂತದಲ್ಲಿ ಮಾಡುತ್ತದೆ. ಆದರೆ ಎರಡನೆಯ ಹಂತ ಮೊದಲಿನದರ ಪುನರಾವರ್ತನೆಯಾಗದೆ ಹೊಸ ಪರೀಕ್ಷೆಯಾಗಬೇಕಾದರೆ, ಹಂತಗಳ ನಡುವೆ ಹಿಂದಿರುಗಲಾಗದಂಥ ಒಂದು ಮೆಟ್ಟಿಲು ಬೇಕು. ಆ ಮೆಟ್ಟಿಲನ್ನು ಒದಗಿಸುವುದು ಎಟಿಪಿಯಂಥ ಅಣುವಿನ ಖರ್ಚು. ಸಮತೋಲನದಲ್ಲಿರುವ ಯಾವ ವ್ಯವಸ್ಥೆಗೂ ಈ ಎರಡನೆಯ ಕೇರುವಿಕೆ ಸಾಧ್ಯವಿಲ್ಲ, ಏಕೆಂದರೆ ಅಲ್ಲಿ ಪ್ರತಿ ಹೆಜ್ಜೆಯೂ ಮುಂದಕ್ಕೆ ಎಷ್ಟು ಬಾರಿಯೋ ಹಿಂದಕ್ಕೂ ಅಷ್ಟೇ ಬಾರಿ ನಡೆಯುತ್ತಿರುತ್ತದೆ.

ಹರಿವಿನಿಂದ ಮೂಡುವ ವಿನ್ಯಾಸ

ಸಮತೋಲನದ ಸಮೀಪದಲ್ಲಿ ಹರಿವುಗಳು ಹೇಗೆ ವರ್ತಿಸುತ್ತವೆ ಎಂಬುದಕ್ಕೆ ಲಾರ್ಸ್ ಆನ್‌ಸಾಗರ್ 1931ರಲ್ಲಿ ನಿಯಮಗಳನ್ನು ಕೊಟ್ಟಿದ್ದರು. ಬಹಳ ದೂರ ಹೋದಾಗ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಬ್ರಸೆಲ್ಸ್‌ನ ಇಲ್ಯಾ ಪ್ರಿಗೊಜಿನ್ ಕೈಗೆತ್ತಿಕೊಂಡರು. 1977ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಸಂದಿತು. ತೆಳುವಾಗಿ ಹರಡಿದ ದ್ರವವನ್ನು ಕೆಳಗಿನಿಂದ ಕಾಯಿಸಿದರೆ, ಒಂದು ಮಿತಿ ದಾಟಿದ ಮೇಲೆ ಅದರಲ್ಲಿ ಜೇನುಗೂಡಿನಂಥ ಆಕೃತಿಗಳು ತಾವಾಗಿ ಮೂಡುತ್ತವೆ. ಸೋವಿಯತ್ ವಿಜ್ಞಾನಿ ಬೊರಿಸ್ ಬೆಲೂಸೊವ್ 1950ರ ದಶಕದಲ್ಲಿ ಕಂಡ ದ್ರಾವಣವೊಂದು ಗಡಿಯಾರದಂತೆ ಬಣ್ಣ ಬದಲಿಸುತ್ತಿತ್ತು. ಇದು ಅಸಾಧ್ಯವೆಂದು ಅವರ ಲೇಖನವನ್ನು ಪತ್ರಿಕೆಗಳು ಮರಳಿಸಿದವು, ಮುಂದಿನ ದಶಕದಲ್ಲಿ ಅನಾತೊಲಿ ಜಬೊಟಿನ್‌ಸ್ಕಿ ಅದನ್ನು ಮತ್ತೆ ಮಾಡಿ ತೋರಿಸಿದರು. ಶಕ್ತಿಯ ಹರಿವು ಇರುವಷ್ಟು ಕಾಲ ಮಾತ್ರ ಬಾಳುವ ಇಂಥ ವಿನ್ಯಾಸಗಳನ್ನು ಪ್ರಿಗೊಜಿನ್ ‘ಡಿಸಿಪೇಟಿವ್’ ರಚನೆಗಳು ಎಂದು ಕರೆದರು. ದೀಪದ ಜ್ವಾಲೆ ಅದಕ್ಕೆ ಮನೆಯಲ್ಲೇ ಇರುವ ಉದಾಹರಣೆ: ಆಕಾರ ಅದೇ ಇರುತ್ತದೆ, ಎಣ್ಣೆ ಕಳೆಯುತ್ತಿರುತ್ತದೆ.

ಈಚಿನ ದಶಕಗಳಲ್ಲಿ ಈ ಶಾಸ್ತ್ರ ಒಂಟಿ ಅಣುಗಳ ಮಟ್ಟಕ್ಕೆ ಇಳಿದಿದೆ. ಅಲ್ಲಿ ಸುತ್ತಲಿನ ನೀರಿನ ಅಣುಗಳ ತಾಡನದಿಂದ ಎಲ್ಲವೂ ಸದಾ ಅಲುಗಾಡುತ್ತಿರುತ್ತದೆ. ಕೋಶದೊಳಗೆ ಸರಕು ಹೊರುವ ಕೈನೆಸಿನ್ ಎಂಬ ಪ್ರೋಟೀನ್ ಒಂದು ಎಟಿಪಿಗೆ 8 ನ್ಯಾನೊಮೀಟರಿನ ಒಂದು ಹೆಜ್ಜೆಯಂತೆ ಮುಂದೆ ಸಾಗುವುದು ಈ ಬಿರುಗಾಳಿಯ ನಡುವೆಯೇ. ಇಂಥ ಏರಿಳಿತಗಳಿಂದಲೂ ಖಚಿತವಾದ ಲೆಕ್ಕ ತೆಗೆಯಬಹುದೆಂದು 1997ರಲ್ಲಿ ಕ್ರಿಸ್ಟೋಫರ್ ಜಾರ್ಜಿನ್‌ಸ್ಕಿ ತೋರಿಸಿದರು. ಬೆಂಗಳೂರಿನಲ್ಲೂ ಈ ದಿಕ್ಕಿನ ಒಂದು ಸೊಗಸಾದ ಪ್ರಯೋಗ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳು, ಅಜಯ್ ಕೆ. ಸೂದ್ ಮತ್ತು ರಾಜೇಶ್ ಗಣಪತಿ ಅವರೂ ಸೇರಿ, 2016ರಲ್ಲಿ ಒಂದು ಸೂಕ್ಷ್ಮ ಎಂಜಿನ್ನಿನ ಬಗ್ಗೆ ಪ್ರಕಟಿಸಿದರು. ಲೇಸರ್ ಕಿರಣದ ಹಿಡಿತದಲ್ಲಿರುವ ಒಂದು ಸಣ್ಣ ಗೋಲಿ, ಅದರ ಸುತ್ತ ಈಜಾಡುವ ಜೀವಂತ ಬ್ಯಾಕ್ಟೀರಿಯಾಗಳು. ಬ್ಯಾಕ್ಟೀರಿಯಾಗಳ ಚಟುವಟಿಕೆಯ ಏರಿಳಿತದಿಂದ ನಡೆದ ಈ ಎಂಜಿನ್ನಿನ ದಕ್ಷತೆ, ಸಮತೋಲನದಲ್ಲಿರುವ ದ್ರವದಲ್ಲಿ ಅಂಥ ಎಂಜಿನ್ನಿಗೆ ಇರುವ ಮಿತಿಯನ್ನು ದಾಟಿತು. ಇಲ್ಲಿ ಯಾವ ನಿಯಮವೂ ಮುರಿದಿಲ್ಲ. ಬ್ಯಾಕ್ಟೀರಿಯಾಗಳು ತಮ್ಮ ಆಹಾರವನ್ನು ಖರ್ಚು ಮಾಡಿ ಆ ವ್ಯತ್ಯಾಸವನ್ನು ತುಂಬಿವೆ.

ಐಸ್ ಪೆಟ್ಟಿಗೆಯೊಳಗೆ ನಡೆಯುವುದೇನು?

ಈಗ ಆಂಬುಲೆನ್ಸಿನತ್ತ ಮರಳೋಣ. ಪ್ರತಿ ಕೋಶದ ಪೊರೆಯಲ್ಲೂ ಸೋಡಿಯಂ-ಪೊಟ್ಯಾಸಿಯಂ ಪಂಪುಗಳಿವೆ. ಇವನ್ನು 1957ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೌ ಗುರುತಿಸಿದರು. ಒಂದು ಎಟಿಪಿಯ ಖರ್ಚಿನಲ್ಲಿ ಮೂರು ಸೋಡಿಯಂ ಅಯಾನುಗಳು (ವಿದ್ಯುದಾವೇಶವಿರುವ ಪರಮಾಣುಗಳು) ಹೊರಗೆ, ಎರಡು ಪೊಟ್ಯಾಸಿಯಂ ಅಯಾನುಗಳು ಒಳಗೆ. ಹೀಗಾಗಿ ಸೋಡಿಯಂ ಹೊರಗೆ ಹತ್ತು ಪಟ್ಟಿಗೂ ಹೆಚ್ಚು, ಪೊಟ್ಯಾಸಿಯಂ ಒಳಗೆ ಮೂವತ್ತು ಪಟ್ಟು ಹೆಚ್ಚು. ಪೊರೆ ಸ್ವಲ್ಪ ಸೋರುವುದರಿಂದ ದೋಣಿಯ ನೀರನ್ನು ಮೊಗೆದು ಹಾಕುವವನಂತೆ ಪಂಪು ಬಿಡುವಿಲ್ಲದೆ ದುಡಿಯಬೇಕು. ಅದು ನಿಂತರೆ ಸೋಡಿಯಂ ಒಳನುಗ್ಗುತ್ತದೆ, ಅದರ ಹಿಂದೆ ನೀರು ಬರುತ್ತದೆ, ಕೋಶ ಊದಿಕೊಳ್ಳುತ್ತದೆ. ಜೊತೆಗೆ ಸಾಮಾನ್ಯವಾಗಿ ಒಳಗಿಗಿಂತ ಹೊರಗೆ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚಿರುವ ಕ್ಯಾಲ್ಸಿಯಂ ಕೂಡ ನುಗ್ಗಿ ಹೃದಯದ ಸ್ನಾಯುವನ್ನು ಬಿಗಿದುಬಿಡುತ್ತದೆ. ನಾವು ಆರಂಭದಲ್ಲಿ ಕೇಳಿದ ‘ಕಳೆದುಹೋಗುತ್ತಿರುವುದು ಏನು’ ಎಂಬ ಪ್ರಶ್ನೆಗೆ ಉತ್ತರ ಈ ಅಂತರಗಳೇ.

ಶಸ್ತ್ರವೈದ್ಯರು ಮೂರು ಉಪಾಯಗಳನ್ನು ಕೂಡಿಸಿ ಬಳಸುತ್ತಾರೆ. ಮೊದಲು ಪೊಟ್ಯಾಸಿಯಂ ಹೆಚ್ಚಿರುವ ದ್ರಾವಣವನ್ನು ಹಾಯಿಸಿ ಹೃದಯದ ಬಡಿತವನ್ನು ನಿಲ್ಲಿಸುತ್ತಾರೆ. ಬಡಿತಕ್ಕೆ ಬೇಕಾದ ವಿದ್ಯುತ್ ಅಂತರ ಕುಸಿಯುವುದರಿಂದ ಹೃದಯ ಸಡಿಲವಾಗಿ ನಿಲ್ಲುತ್ತದೆ, ಬಡಿತಕ್ಕೆ ಖರ್ಚಾಗುತ್ತಿದ್ದ ಎಟಿಪಿ ಉಳಿಯುತ್ತದೆ. ನಂತರ ತಂಪು ಮಾಡುತ್ತಾರೆ: ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಂಗದ ಶಕ್ತಿಯ ಬೇಡಿಕೆ ಮೊದಲಿನ ಹತ್ತನೇ ಒಂದರಷ್ಟಕ್ಕೆ ಇಳಿಯುತ್ತದೆ. ಆದರೆ ತಂಪಿನಲ್ಲಿ ಪಂಪೂ ನಿಲ್ಲುತ್ತದೆ, ಸೋರಿಕೆ ಪೂರ್ತಿ ನಿಲ್ಲುವುದಿಲ್ಲ. ಅದಕ್ಕಾಗಿ ಮೂರನೆಯದು, ಸಂರಕ್ಷಕ ದ್ರಾವಣ. 1980ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಫೋಕರ್ಟ್ ಬೆಲ್ಜರ್ ಮತ್ತು ಜೇಮ್ಸ್ ಸೌಥರ್ಡ್ ರೂಪಿಸಿದ ದ್ರಾವಣದಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ, ಅಂದರೆ ಕೋಶದ ಒಳಭಾಗದಂತೆಯೇ. ನೀರು ಒಳನುಗ್ಗದಂತೆ ತಡೆಯಲು ಪೊರೆ ದಾಟಲಾರದ ದೊಡ್ಡ ಅಣುಗಳು. ಎಟಿಪಿಯನ್ನು ಮತ್ತೆ ಕಟ್ಟಿಕೊಳ್ಳಲು ನೆರವಾಗುವ ಅಡಿನೋಸಿನ್. ಪಂಪು ಅಂತರವನ್ನು ಕಾಯಲಾರದ ಹೊತ್ತಿನಲ್ಲಿ ಹೊರಗನ್ನೇ ಒಳಗಿನಂತೆ ಮಾಡಿಬಿಟ್ಟರೆ ಸೋರಲು ಹೆಚ್ಚೇನೂ ಉಳಿಯುವುದಿಲ್ಲ ಎಂಬ ಈ ಯುಕ್ತಿ ನನಗೆ ಬಹಳ ಮೆಚ್ಚುಗೆಯದು.

ಇಷ್ಟೆಲ್ಲ ಮಾಡಿಯೂ ದೊರೆಯುವುದು ಸಾವಕಾಶ ಮಾತ್ರ. ಮೂತ್ರಪಿಂಡಕ್ಕೆ ಅದು ಹೆಚ್ಚು ಹೊತ್ತು ಸಾಕಾಗುತ್ತದೆ, ಏಕೆಂದರೆ ಕಸಿಯಾದ ಮೇಲೆ ಅದು ಚೇತರಿಸಿಕೊಳ್ಳುವವರೆಗೆ ಕೆಲವು ದಿನ ಡಯಾಲಿಸಿಸ್ ನೆರವು ನೀಡಬಹುದು. ಹೃದಯ ಎದೆಗೆ ಸೇರಿದೊಡನೆ ಇಡೀ ದೇಹದ ಹೊರೆಯನ್ನು ಹೊರಬೇಕು, ಅಷ್ಟು ಹೊತ್ತಿಗೆ ಅದರ ಎಟಿಪಿ ಮತ್ತು ಅಯಾನುಗಳ ಅಂತರ ಮರಳಿ ಕಟ್ಟಿಕೊಳ್ಳುವ ಸ್ಥಿತಿಯಲ್ಲಿರಬೇಕು.

ಆದ್ದರಿಂದ ಈಗ ಕೆಲವೆಡೆ ಬೇರೆಯದೇ ಮಾರ್ಗ ಬಳಕೆಗೆ ಬಂದಿದೆ. ಐಸ್ ಪೆಟ್ಟಿಗೆಯ ಬದಲು, ಆಮ್ಲಜನಕ ಬೆರೆಸಿದ ಬೆಚ್ಚಗಿನ ರಕ್ತವನ್ನು ಅಂಗದ ಮೂಲಕ ಸತತವಾಗಿ ಹಾಯಿಸುವ ಯಂತ್ರ. ಪ್ರೋಟಾನುಗಳು ಪಂಪ್ ಆಗುತ್ತಿರುತ್ತವೆ, ಟರ್ಬೈನು ಮುಂದಕ್ಕೇ ತಿರುಗುತ್ತಿರುತ್ತದೆ, ಸೋಡಿಯಂ ಹೊರಗೆ ಹೋಗುತ್ತಿರುತ್ತದೆ. ದಾನಿಯ ಎದೆಯಿಂದ ಹೊರಬಂದ ಹೃದಯ, ಇನ್ನೊಬ್ಬರ ಎದೆಯನ್ನು ಸೇರುವ ಮೊದಲು, ದಾರಿಯುದ್ದಕ್ಕೂ ಆ ಪೆಟ್ಟಿಗೆಯೊಳಗೇ ಬಡಿಯುತ್ತಿರುತ್ತದೆ.